ಔಷಧಿ ಕೊಡುವ ಮುಂಚೆ ಎಲೆ ನೋಡಿ

(ಕೋಲಾರದಲ್ಲಿ ಬೀಜ, ಗೊಬ್ಬರ, ಔಷಧಿ ಅಂಗಡಿಯವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಅಂಗಡಿಯಲ್ಲಿ ಹುಡುಗರನ್ನು ಕೂರಿಸಿ ಬಂದಿದ್ದೀರಿ, ಮಧ್ಯಾಹ್ನದ ಹೊತ್ತಿಗೆ ರೈತರು ಬರಲು ಶುರುವಾಗುತ್ತಾರೆ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

"ಅಣ್ಣಾ, ಟೊಮೇಟೊ ಎಲೆ ಮುದುರ್ಕೊಂಡೈತೆ, ಒಳ್ಳೇದು ಏನಾದ್ರೂ ಕೊಡಿ." ಮುಳಬಾಗಿಲಿನಿಂದ ಶ್ರೀನಿವಾಸಪುರದವರೆಗೆ, ಚಿಂತಾಮಣಿಯಿಂದ ಮಾಲೂರಿನವರೆಗೆ ನಿಮ್ಮ ಅಂಗಡಿಗಳಲ್ಲಿ ದಿನವೂ ಕೇಳಿಬರುವ ಮಾತು ಇದು. ಸೀರೆ ಅಂಗಡಿಗೆ ಹೋದವರು ಸೀರೆ ಬಿಚ್ಚಿಸಿ, ಅಂಚು ಸವರಿ, ಬೆಳಕಿಗೆ ಹಿಡಿದು ನೋಡಿ ಕೊಳ್ಳುತ್ತಾರೆ. ನಿಮ್ಮಲ್ಲಿಗೆ ಬಂದ ರೈತ ಬಾಟ್ಲಿಯೊಳಗೆ ಇರುವುದನ್ನು ಹಾಗೆ ನೋಡಲಾರ. "ಒಳ್ಳೇದು ಏನಾದ್ರೂ" ಅಂದಾಗಲೇ ಅವನು ಆಯ್ಕೆಯನ್ನು ನಿಮ್ಮ ಕೈಗೆ ಕೊಟ್ಟುಬಿಟ್ಟಿದ್ದಾನೆ. ನಿಮ್ಮ ವ್ಯಾಪಾರದಲ್ಲಿ ಪ್ರಾಮಾಣಿಕತೆ ಅಂದರೆ ಸರಿಯಾದ ತೂಕ, ಸರಿಯಾದ ಚಿಲ್ಲರೆ ಮಾತ್ರ ಅಲ್ಲ. ಅವನ ಹೊಲದಲ್ಲಿ ಏನಾಗಿದೆ ಎಂದು ತಿಳಿದುಕೊಂಡು ಕೊಡುವುದು, ಕೊಡುವ ಅಗತ್ಯ ಇಲ್ಲದಿದ್ದರೆ ಕೊಡದಿರುವುದು. ನಾನು ಹೇಳಬೇಕಾದದ್ದು ಇಷ್ಟೇ. ಇದನ್ನು ಅಂಗಡಿಯಲ್ಲಿ ಮಾಡುವುದು ಹೇಗೆ ಎನ್ನುವುದಕ್ಕೇ ಉಳಿದ ಸಮಯ.

ಆ ಮುದುರಿದ ಎಲೆಯನ್ನೇ ತೆಗೆದುಕೊಳ್ಳಿ. ಟೊಮೇಟೊ ಎಲೆ ಮುದುರಲು ನಮ್ಮ ಕಡೆ ಸಾಮಾನ್ಯವಾಗಿ ನಾಲ್ಕು ಕಾರಣ. ನಾಲ್ಕಕ್ಕೂ ಉತ್ತರ ಬೇರೆ ಬೇರೆ.

ಮೊದಲನೆಯದು ಮುಟುರು ರೋಗ, ಅಂದರೆ ವೈರಸ್. ಸುಳಿಯ ಎಲೆಗಳು ಚಿಕ್ಕದಾಗಿ, ಅಂಚು ಮೇಲಕ್ಕೆ ಬಟ್ಟಲಿನ ಹಾಗೆ ಮಡಚಿ, ಹಳದಿ ತಿರುಗಿರುತ್ತವೆ. ಗಿಡ ಗಿಡ್ಡಾಗಿ ನಿಂತುಬಿಟ್ಟಿರುತ್ತದೆ. ಇದನ್ನು ಹರಡುವುದು ಬಿಳಿ ನೊಣ. ಗಿಡದೊಳಗೆ ಸೇರಿದ ವೈರಸ್ಸನ್ನು ವಾಸಿ ಮಾಡುವ ಔಷಧಿ ಹೊಲದ ಮಟ್ಟದಲ್ಲಿ ಇಲ್ಲ. ಇಲ್ಲವೇ ಇಲ್ಲ. ನಾಟಿ ಮಾಡಿದ ಮೊದಲ ತಿಂಗಳಲ್ಲಿ ಅಲ್ಲೊಂದು ಇಲ್ಲೊಂದು ಗಿಡಕ್ಕೆ ಬಂದಿದ್ದರೆ ಕಿತ್ತು, ಚೀಲದಲ್ಲಿ ಹಾಕಿ ಹೊಲದಿಂದ ಆಚೆ ಒಯ್ದು ಹೂಳಬೇಕು. ಹಳದಿ ಅಂಟು ಹಾಳೆ ಕಟ್ಟಬೇಕು. ಉಳಿದ ಗಿಡ ಕಾಪಾಡಲು ಬಿಳಿ ನೊಣಕ್ಕೆ ಔಷಧಿ ಹೊಡೆಯಬಹುದು. ಹೊಲ ಪೂರ್ತಿ ಮುದುರಿಹೋದ ಮೇಲೆ ಅದೂ ದಂಡ.

ಎರಡನೆಯದು ನುಸಿ. ಇಲ್ಲಿ ಎಲೆಯ ಅಂಚು ಹೆಚ್ಚಾಗಿ ಕೆಳಕ್ಕೆ ಬಾಗುತ್ತದೆ, ಎಲೆಯಡಿ ಕಂಚಿನ ಬಣ್ಣದ ಹೊಳಪು ಬರುತ್ತದೆ. ಬರಿಗಣ್ಣಿಗೆ ನುಸಿ ಕಾಣುವುದು ಕಷ್ಟ. ಗಲ್ಲಾ ಪಕ್ಕದಲ್ಲಿ ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಒಂದು ಇಟ್ಟುಕೊಳ್ಳಿ. ಅದನ್ನು ನೋಡದೆ ಬಿಳಿ ನೊಣದ ಔಷಧಿ ಕೊಟ್ಟರೆ ಏನಾಗುತ್ತದೆ? ಇಮಿಡಾಕ್ಲೋಪ್ರಿಡ್ ನುಸಿಯನ್ನು ಕೊಲ್ಲುವುದಿಲ್ಲ. ಅದನ್ನು ಹೊಡೆದ ಮೇಲೆ ನುಸಿ ಇನ್ನೂ ಹೆಚ್ಚಿದ್ದೂ ಉಂಟು. ರೈತ ಮತ್ತೆ ಬರುತ್ತಾನೆ, ನೀವು ಮತ್ತೊಂದು ಕೊಡುತ್ತೀರಿ. ಎರಡೂ ಬಿಲ್ಲು ಅವನ ಲೆಕ್ಕಕ್ಕೆ.

ಮೂರನೆಯದು ಬಿಸಿಲು ಮತ್ತು ನೀರಿನ ಏರುಪೇರು. ಕೆಳಗಿನ ಎಲೆಗಳು ಉದ್ದಕ್ಕೆ ಸುರುಳಿ ಸುತ್ತಿಕೊಂಡು ದಪ್ಪವಾಗುತ್ತವೆ, ಆದರೆ ಬಣ್ಣ ಹಸಿರೇ ಇರುತ್ತದೆ, ಸುಳಿ ಚೆನ್ನಾಗಿ ಬೆಳೆಯುತ್ತಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೋರ್‌ವೆಲ್ ಕೈಕೊಟ್ಟು ನಾಲ್ಕು ದಿನ ನೀರು ತಪ್ಪಿ, ಆಮೇಲೆ ಒಟ್ಟಿಗೆ ಬಿಟ್ಟಾಗ, ಎಲೆ ಜಾಸ್ತಿ ತೆಗೆದಾಗ, ಯೂರಿಯಾ ಜಾಸ್ತಿಯಾದಾಗ ಹೀಗಾಗುತ್ತದೆ. ಇದಕ್ಕೆ ನಿಮ್ಮ ಅಂಗಡಿಯಲ್ಲಿ ಮಾರುವುದು ಏನೂ ಇಲ್ಲ. "ಡ್ರಿಪ್ ದಿನಾ ಸ್ವಲ್ಪ ಸ್ವಲ್ಪ ಬಿಡಿ, ಸರಿಹೋಗುತ್ತೆ" ಎಂದು ಹೇಳಿ ಕಳಿಸಬೇಕು. ಕಳಿಸುವುದು ಕಷ್ಟ, ನನಗೆ ಗೊತ್ತು. 20 ಕಿಲೋಮೀಟರ್ ಬೈಕಿನಲ್ಲಿ ಬಂದವನು ಬರಿಗೈಲಿ ಹೋಗಲು ಒಪ್ಪುವುದಿಲ್ಲ, "ಇವನ ಹತ್ರ ಮಾಲಿಲ್ಲ" ಅಂದುಕೊಂಡು ಪಕ್ಕದಂಗಡಿಗೆ ಹೋಗುತ್ತಾನೆ. ಅದಕ್ಕೇ ಕಾರಣ ಹೇಳಿ ಕಳಿಸಬೇಕು. ಅವನು ತಂದ ಎಲೆಯನ್ನೇ ಕೈಯಲ್ಲಿ ಹಿಡಿದು, ಸುಳಿ ತೋರಿಸಿ, ವೈರಸ್ ಆದರೆ ಹೇಗಿರುತ್ತಿತ್ತು ಎಂದು ಹೇಳಿದರೆ ಐದು ನಿಮಿಷದ ಕೆಲಸ.

ನಾಲ್ಕನೆಯದು ಕಳೆನಾಶಕ. ರಾಗಿ ಹೊಲಕ್ಕೆ ಅಗಲ ಎಲೆ ಕಳೆಗೆಂದು 2,4-ಡಿ ಹೊಡೆದ ಅದೇ ಕ್ಯಾನಿನಲ್ಲಿ ಟೊಮೇಟೊಗೆ ಔಷಧಿ ಹೊಡೆದಿರುತ್ತಾರೆ, ಇಲ್ಲವೇ ಪಕ್ಕದ ಹೊಲದಿಂದ ಗಾಳಿಗೆ ತೇಲಿ ಬಂದಿರುತ್ತದೆ. ಹೊಸ ಎಲೆಗಳು ಕಡ್ಡಿಯಂತೆ ಸಪೂರವಾಗಿ, ಕಾಂಡ ತಿರುಚಿಕೊಂಡಿರುತ್ತದೆ. ಗುರುತು ಹಿಡಿಯುವುದು ಸುಲಭ: ಹೊಲದ ಒಂದೇ ಅಂಚಿನಲ್ಲಿ, ಅಥವಾ ಆ ಕ್ಯಾನಿನಿಂದ ಹೊಡೆದ ಸಾಲುಗಳಲ್ಲಿ ಮಾತ್ರ ಇರುತ್ತದೆ. ವೈರಸ್ ಹೀಗೆ ಗೆರೆ ಎಳೆದ ಹಾಗೆ ಬರುವುದಿಲ್ಲ. ಟೊಮೇಟೊ ಈ ಕಳೆನಾಶಕಕ್ಕೆ ಎಷ್ಟು ಸೂಕ್ಷ್ಮ ಅಂದರೆ ಕ್ಯಾನಿನ ತಳದಲ್ಲಿ ಉಳಿದ ತೊಟ್ಟು ಸಾಕು. ಆದ್ದರಿಂದ 2,4-ಡಿ ಮಾರುವಾಗಲೇ "ಇದಕ್ಕೆ ಬೇರೆ ಕ್ಯಾನ್ ಇಡಿ" ಎಂದು ಹೇಳುವುದು ನಿಮ್ಮ ಕೆಲಸ. ಆಗ ಹೇಳದಿದ್ದರೆ ಟೊಮೇಟೊ ಹಾಳಾದ ಮೇಲೆ ಹೇಳಿ ಪ್ರಯೋಜನವಿಲ್ಲ.

ಇದೆಲ್ಲ ತಿಳಿಯಬೇಕಾದರೆ ಕೇಳಬೇಕು, ನೋಡಬೇಕು. ಬೆಳೆಗೆ ಎಷ್ಟು ದಿನ, ಯಾವ ತಳಿ, ನಾರು (ಸಸಿ) ಎಲ್ಲಿಂದ ತಂದದ್ದು, ಕೊನೆಯ ಎರಡು ಸಲ ಏನು ಹೊಡೆದಿದ್ದೀರಿ, ಮೊದಲು ಯಾವ ಗಿಡಕ್ಕೆ ಬಂತು, ಹೊಲ ಪೂರ್ತಿ ಇದೆಯೋ ತಾಣ ತಾಣವಾಗಿ ಇದೆಯೋ, ಕೀಳುವುದು ಯಾವಾಗ. "ಏನು ಹೊಡೆದಿರಿ" ಅಂದರೆ "ಅದೇ ನೀಲಿ ಡಬ್ಬಿ" ಅನ್ನುತ್ತಾರೆ. ಖಾಲಿ ಬಾಟ್ಲಿಯ ಫೋಟೋ ತೆಗೆದು ತರಲು ಹೇಳಿ. ಗಿಡವನ್ನು ತರುವುದಾದರೆ ಪೂರ್ತಿ ಸತ್ತದ್ದು ಬೇಡ, ಈಗ ತಾನೇ ಶುರುವಾಗಿರುವುದು ಬೇಕು. ಬೇರು ಸಮೇತ ಬೇಕು, ಹಳೇ ಪೇಪರಿನಲ್ಲಿ ಸುತ್ತಿ ತರಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಬೈಕಿಗೆ ನೇತುಹಾಕಿ ತಂದರೆ ಬೆವೆತು ಕೊಳೆತು ಏನೂ ಗೊತ್ತಾಗುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸುವವರಿಗೆ ಹೊಲದ್ದೊಂದು, ಗಿಡದ್ದೊಂದು, ಎಲೆಯ ಮೇಲ್ಭಾಗ ಒಂದು, ಅಡಿಭಾಗ ಒಂದು, ನಾಲ್ಕು ಫೋಟೋ ಕೇಳಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ಅವರು ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲೇ ಕೇಳಿ, ಪ್ರಮಾಣವನ್ನೂ ತೆಲುಗಿನಲ್ಲೇ ಹೇಳಿ.

ಸೊರಗು ರೋಗದ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ರೈತರ ದುಡ್ಡು ಅತಿ ಹೆಚ್ಚು ಮಣ್ಣುಪಾಲಾಗುವ ಕಡೆಗಳಲ್ಲಿ ಇದೂ ಒಂದು. ಹಸಿರಾಗಿದ್ದ ಗಿಡ ಒಂದೆರಡು ದಿನದಲ್ಲಿ ತಲೆಬಾಗಿ ಬಾಡುತ್ತದೆ. ರೈತ ಬಂದು "ಬೇರಿಗೆ ಹುಯ್ಯೋಕೆ ಕೊಡಿ" ಅನ್ನುತ್ತಾನೆ. ಒಂದು ಗಾಜಿನ ಲೋಟದಲ್ಲಿ ತಿಳಿ ನೀರು ತೆಗೆದುಕೊಳ್ಳಿ. ಬಾಡಿದ ಗಿಡದ ಬುಡದ ಹತ್ತಿರ ಎರಡು ಇಂಚಿನ ಕಾಂಡವನ್ನು ಚೂಪು ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿ, ಕತ್ತರಿಸಿದ ತುದಿ ನೀರಿಗೆ ಸ್ವಲ್ಪವೇ ತಾಗುವ ಹಾಗೆ ಹಿಡಿಯಿರಿ, ಅಲುಗಾಡಿಸಬೇಡಿ. ದುಂಡಾಣು ಸೊರಗು ಆಗಿದ್ದರೆ ಕೆಲವೇ ನಿಮಿಷಗಳಲ್ಲಿ ಕಾಂಡದಿಂದ ಹಾಲಿನಂಥ ಎಳೆ ಸಣ್ಣಗೆ ಕೆಳಗಿಳಿಯುತ್ತದೆ. ಬೆಳಕಿಗೆ ಎದುರಾಗಿ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಏನೂ ಬರದೆ, ಕಾಂಡ ಸೀಳಿದಾಗ ಒಳಗೆ ಕಂದು ಗೆರೆ ಇದ್ದು, ಕೆಳಗಿನ ಎಲೆ ಒಂದು ಪಕ್ಕದಿಂದ ಹಳದಿಯಾಗಿ ಬಂದಿದ್ದರೆ ಶಿಲೀಂಧ್ರದ ಸೊರಗು ಇರಬಹುದು. ಬೇರಿನಲ್ಲಿ ಗಂಟು ಗಂಟು ಇದ್ದರೆ ಜಂತುಹುಳ. ಈ ಪರೀಕ್ಷೆಗೆ ಖರ್ಚು ಒಂದು ಲೋಟ ನೀರು.

ದುಂಡಾಣು ಸೊರಗು ಎಂದು ಗೊತ್ತಾದ ಮೇಲೆ ಸತ್ಯ ಹೇಳಬೇಕು. ಬಾಡಿದ ಗಿಡವನ್ನು ಯಾವ ಔಷಧಿ ಹುಯ್ದರೂ ಎಬ್ಬಿಸಲಾಗುವುದಿಲ್ಲ. ಆ ಗಿಡ ಬೇರುಸಹಿತ ತೆಗೆದು, ಆ ಸಾಲಿನ ನೀರು ಬೇರೆ ಸಾಲಿಗೆ ಹರಿಯದಂತೆ ನೋಡಿಕೊಳ್ಳಬೇಕು. ಮುಂದಿನ ಬೆಳೆಗೆ ಆ ಜಾಗದಲ್ಲಿ ಟೊಮೇಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕದೆ ರಾಗಿ ಅಥವಾ ಜೋಳ ಹಾಕಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಎಲೆ ಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಗುಣ ಇದೆ. ಬದನೆಯ ಬೇರುಕಾಂಡಕ್ಕೆ ಕಸಿ ಮಾಡಿದ ಟೊಮೇಟೊ ನಾರೂ ಇಂಥ ಮಣ್ಣಿಗೆ ಒಂದು ದಾರಿ. ಈ ಮಾತು ಇವತ್ತಿನ ಬಿಲ್ಲಿಗೆ ಒಂದು ರೂಪಾಯಿ ಸೇರಿಸುವುದಿಲ್ಲ. ಆದರೆ ಮುಂದಿನ ನಾಟಿಗೆ ಬೀಜ, ಡ್ರಿಪ್ ಗೊಬ್ಬರ, ಮಲ್ಚಿಂಗ್ ಪೇಪರ್ ಎಲ್ಲಿ ತರಬೇಕು ಎಂದು ಅವನು ಆ ಕ್ಷಣದಲ್ಲೇ ತೀರ್ಮಾನಿಸಿರುತ್ತಾನೆ.

ಕಾಯಿಯ ತಳ ಕಪ್ಪಾಗಿ ಕುಳಿ ಬೀಳುವುದಕ್ಕೂ ಶಿಲೀಂಧ್ರನಾಶಕ ಕೊಡುತ್ತಾರೆ. ಅದು ರೋಗವೇ ಅಲ್ಲ. ಕಾಯಿಗೆ ಕ್ಯಾಲ್ಸಿಯಂ ತಲುಪಿಲ್ಲ, ಹೆಚ್ಚಿನ ಸಲ ಕಾರಣ ನೀರು ಸಮವಾಗಿ ಕೊಡದಿರುವುದು. ಕ್ಯಾಲ್ಸಿಯಂ ನೈಟ್ರೇಟ್ ಕೊಡುವುದಾದರೆ ಒಂದು ಎಚ್ಚರಿಕೆ ಬಿಲ್ಲಿನ ಜೊತೆಗೇ ಹೋಗಬೇಕು: ಅದನ್ನು 12:61:0, 0:52:34 ಎಂಬ ರಂಜಕದ ಗೊಬ್ಬರಗಳು, ಮೆಗ್ನೀಸಿಯಂ ಸಲ್ಫೇಟ್ ಇವುಗಳ ಜೊತೆ ಒಂದೇ ಡ್ರಮ್ಮಿನಲ್ಲಿ ಕಲಸಬಾರದು. ಬಿಳಿ ಗಸಿ ಕಟ್ಟಿ ಡ್ರಿಪ್ಪಿನ ತೂತು ಮುಚ್ಚಿಕೊಳ್ಳುತ್ತದೆ. ಎರಡನ್ನೂ ಒಂದೇ ಚೀಲದಲ್ಲಿ ಕಟ್ಟಿ ಕೊಟ್ಟು ಸುಮ್ಮನಾಗುವ ಅಂಗಡಿಗಳು ಬಹಳ ಇವೆ. ರೈತ ಎರಡನ್ನೂ ಒಟ್ಟಿಗೆ ಸುರಿಯುತ್ತಾನೆ, ಆಮೇಲೆ ಡ್ರಿಪ್ ಕಂಪನಿಯವರನ್ನು ಬೈಯುತ್ತಾನೆ.

ಈಗ ಹುಳದ ವಿಷಯ. ಟೊಮೇಟೊ ಎಲೆ, ಕಾಯಿ ಎರಡನ್ನೂ ಕೊರೆಯುವ ಟೂಟಾ ಹುಳ ನಮ್ಮ ದೇಶಕ್ಕೆ ಕಾಲಿಟ್ಟದ್ದು 2014ರಲ್ಲಿ. ಇದನ್ನು ಹಳೆಯ ರಂಗೋಲಿ ಹುಳದ ಜೊತೆ ಗೊಂದಲ ಮಾಡಿಕೊಳ್ಳುವುದು ಇನ್ನೂ ನಿಂತಿಲ್ಲ. ರಂಗೋಲಿ ಹುಳ ಎಲೆಯ ಮೇಲೆ ಹಾವು ಹರಿದ ಹಾಗೆ ಸಣ್ಣ ಬಿಳಿ ಗೆರೆ ಎಳೆಯುತ್ತದೆ, ಕಾಯಿಗೆ ಹೋಗುವುದಿಲ್ಲ. ಟೂಟಾ ತಿಂದ ಕಡೆ ಅಗಲವಾದ ಮಚ್ಚೆ ಇರುತ್ತದೆ. ಬೆಳಕಿಗೆ ಹಿಡಿದರೆ ಒಳಗೆ ಕಪ್ಪು ಹಿಕ್ಕೆ ಕಾಣುತ್ತದೆ, ಕಾಯಿಯ ತೊಟ್ಟಿನ ಹತ್ತಿರ ಸೂಜಿ ಚುಚ್ಚಿದಂಥ ತೂತೂ ಇರುತ್ತದೆ. ಮೋಹಕ ಬಲೆ ಮಾರುವಾಗ ಅದರೊಳಗಿನ ಲ್ಯೂರ್, ಅಂದರೆ ಚಿಟ್ಟೆಯನ್ನು ವಾಸನೆಯಿಂದ ಸೆಳೆಯುವ ತುಣುಕು, ಯಾವ ಹುಳದ್ದು ಎಂದು ನೋಡಿ ಕೊಡಿ. ಕಾಯಿಕೊರಕದ ಲ್ಯೂರಿಗೆ ಟೂಟಾ ಬೀಳುವುದಿಲ್ಲ. ಲ್ಯೂರ್ ತಿಂಗಳು, ಒಂದೂವರೆ ತಿಂಗಳಿಗೆ ಶಕ್ತಿ ಕಳೆದುಕೊಳ್ಳುತ್ತದೆ, ಬದಲಿಸಬೇಕು. ಇದನ್ನು ಹೇಳದ ಕಾರಣಕ್ಕೇ ಎಷ್ಟೋ ಹೊಲಗಳಲ್ಲಿ ಖಾಲಿ ಬಲೆಗಳು ನೇತಾಡುತ್ತವೆ, "ಬಲೆ ಕೆಲಸಕ್ಕೆ ಬಾರದ್ದು" ಎಂಬ ಹೆಸರೂ ಬಂದುಬಿಟ್ಟಿದೆ.

"ಹೋದ ಸಲದ್ದು ಕೆಲಸ ಮಾಡ್ಲಿಲ್ಲ, ಬೇರೆ ಕೊಡಿ" ಅಂದಾಗ ಬೇರೆ ಕಂಪನಿಯ ಬಾಟ್ಲಿ ತೆಗೆದುಕೊಡುವುದು ವಾಡಿಕೆ. ಡಬ್ಬಿಯ ಬಣ್ಣ ಬೇರೆ, ಹೆಸರು ಬೇರೆ, ಒಳಗಿರುವುದು ಅದೇ. ಹುಳವನ್ನು ಕೊಲ್ಲುವ ರೀತಿ ನೋಡಿ ಔಷಧಿಗಳಿಗೆ ಗುಂಪಿನ ನಂಬರ್ ಕೊಟ್ಟಿದ್ದಾರೆ. ಕ್ಲೋರಾಂಟ್ರಾನಿಲಿಪ್ರೋಲ್, ಸಯಾಂಟ್ರಾನಿಲಿಪ್ರೋಲ್, ಫ್ಲುಬೆಂಡಿಯಮೈಡ್ ಮೂರೂ ಒಂದೇ ಗುಂಪು, 28ನೆಯದು. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಅಸಿಟಾಮಿಪ್ರಿಡ್ 4ಎ. ಸ್ಪಿನೋಸಾಡ್ 5, ಎಮಾಮೆಕ್ಟಿನ್ 6. ಒಂದು ಗುಂಪಿಗೆ ಒಗ್ಗಿಕೊಂಡ ಹುಳ ಆ ಗುಂಪಿನ ಯಾವ ಹೆಸರಿಗೂ ಸುಲಭವಾಗಿ ಬಗ್ಗುವುದಿಲ್ಲ. ನನ್ನ ಸಲಹೆ ಏನೆಂದರೆ, ನಿಮ್ಮ ಕಪಾಟುಗಳನ್ನು ಕಂಪನಿವಾರು ಜೋಡಿಸುವುದನ್ನು ಬಿಡಿ, ಗುಂಪಿನ ನಂಬರಿನ ಪ್ರಕಾರ ಜೋಡಿಸಿ. ಪ್ರತಿ ಖಾನೆಗೆ ದೊಡ್ಡದಾಗಿ ನಂಬರ್ ಅಂಟಿಸಿ. ಹೋದ ಸಲ 28ರಿಂದ ಕೊಟ್ಟಿದ್ದರೆ ಈ ಸಲ ಆ ಖಾನೆಗೆ ಕೈ ಹೋಗಬಾರದು. ಅಂಗಡಿಯ ಹುಡುಗನಿಗೂ ಇದು ಒಂದು ದಿನದಲ್ಲಿ ಅರ್ಥವಾಗುತ್ತದೆ. ಕಂಪನಿಯವರಿಗೆ ಬೇಜಾರಾಗಬಹುದು, ಆಗಲಿ.

ಪ್ರಮಾಣ ಹೇಳುವ ಕ್ರಮವೂ ಬದಲಾಗಬೇಕು. ಲೇಬಲ್ಲಿನಲ್ಲಿ ಹೆಕ್ಟೇರ್ ಲೆಕ್ಕ ಇರುತ್ತದೆ, ರೈತನ ಕೈಯಲ್ಲಿರುವುದು 200 ಲೀಟರ್ ಡ್ರಮ್ಮು ಅಥವಾ 16 ಲೀಟರ್ ಕ್ಯಾನು. ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಟೊಮೇಟೊಗೆ ಹೆಕ್ಟೇರಿಗೆ 150 ಎಂಎಲ್, 500 ಲೀಟರ್ ನೀರಿಗೆ. ಅಂದರೆ ಎಕರೆಗೆ 60 ಎಂಎಲ್, 200 ಲೀಟರ್ ಡ್ರಮ್ಮಿಗೆ 60 ಎಂಎಲ್, 16 ಲೀಟರ್ ಕ್ಯಾನಿಗೆ 5 ಎಂಎಲ್‌ಗಿಂತ ಸ್ವಲ್ಪ ಕಡಿಮೆ. ರೈತರು ಅಳೆಯುವುದು ಮುಚ್ಚಳದಲ್ಲಿ. ಒಂದು ಬಾಟ್ಲಿಯ ಮುಚ್ಚಳ 5 ಎಂಎಲ್ ಹಿಡಿದರೆ ಇನ್ನೊಂದರದ್ದು 10 ಹಿಡಿಯುತ್ತದೆ. "ಒಂದು ಮುಚ್ಚಳ ಹಾಕಿ" ಎಂಬ ಒಂದೇ ಮಾತಿಗೆ ಪ್ರಮಾಣ ದುಪ್ಪಟ್ಟಾಗುತ್ತದೆ. ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಬರೆದುಕೊಡಿ: ಯಾವ ಬೆಳೆಗೆ, ಡ್ರಮ್ಮಿಗೆ ಎಷ್ಟು, ಕ್ಯಾನಿಗೆ ಎಷ್ಟು, ಹೊಡೆದ ಮೇಲೆ ಎಷ್ಟು ದಿನ ಕೀಳಬಾರದು. ಗೆರೆ ಇರುವ ಅಳತೆ ಲೋಟವನ್ನು ಪುಕ್ಕಟೆ ಕೊಡಿ, ಕ್ಯಾಲೆಂಡರಿಗಿಂತ ಅದು ಹೆಚ್ಚು ಉಪಯೋಗ.

ಕೀಳುವ ದಿನದ ಮಾತು ಬಂತು. ಟೊಮೇಟೊ ಫಸಲು ಶುರುವಾದ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಕೀಳುತ್ತಾರೆ. ಹಾಗಿರುವಾಗ ವಾರ ಕಾಯಬೇಕಾದ ಔಷಧಿ ಕೊಟ್ಟರೆ ಅವನು ಕಾಯುವುದಿಲ್ಲ, ಕಾಯಲು ಆಗುವುದೂ ಇಲ್ಲ. ಕೋಲಾರದ ಎಪಿಎಂಸಿಗೆ ಬಂದ ಹಣ್ಣು ಲಾರಿ ಹತ್ತಿ ಹೊರ ರಾಜ್ಯಗಳಿಗೆಲ್ಲ ಹೋಗುತ್ತದೆ, ಯಾರದೋ ಮನೆಯ ಮಗು ತಿನ್ನುತ್ತದೆ. ಮೇಲೆ ಹೇಳಿದ ಕ್ಲೋರಾಂಟ್ರಾನಿಲಿಪ್ರೋಲ್‌ಗೆ ಕಾಯಬೇಕಾದದ್ದು 3 ದಿನ. "ಯಾವತ್ತು ಕೀಳ್ತೀರಿ?" ಎಂದು ಕೇಳಿ, ಆ ದಿನಕ್ಕೆ ಹೊಂದುವುದನ್ನೇ ಕೊಡಿ. ಹೊಂದುವುದು ಇಲ್ಲದಿದ್ದರೆ, ಕಿತ್ತ ಸಂಜೆಯೇ ಹೊಡೆಯಲು ಹೇಳಿ, ಕಾಯಬೇಕಾದ ದಿನ ಮುಗಿಯುವವರೆಗೆ ಮುಂದಿನ ಕೊಯ್ಲು ತಳ್ಳಿಸಿ.

ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ: "ಅಕ್ಕಪಕ್ಕ ರೇಷ್ಮೆ ಸೊಪ್ಪು ಇದೆಯಾ?" ಶಿಡ್ಲಘಟ್ಟ, ಚಿಂತಾಮಣಿ, ಮುಳಬಾಗಿಲು ಕಡೆ ಟೊಮೇಟೊ ಹೊಲದ ಬದುವಿನ ಆಚೆಗೇ ಹಿಪ್ಪುನೇರಳೆ. ಟೊಮೇಟೊ ಹುಳ ಕೊಲ್ಲುವ ಔಷಧಿಗೆ ರೇಷ್ಮೆ ಹುಳವೂ ಒಂದು ಹುಳವೇ. ಗಾಳಿಗೆ ತೇಲಿ ಸೊಪ್ಪಿನ ಮೇಲೆ ಬಿದ್ದ ಹನಿ, ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದು ಸೊಪ್ಪು ಮುಕ್ಕುವ ಹುಳಕ್ಕೆ ಸಿಕ್ಕರೆ ಪಕ್ಕದವರ ಇಡೀ ಬೆಳೆ ತಟ್ಟೆಯಲ್ಲೇ ಹೋಯಿತು. ಇಲ್ಲಿ ಒಳ್ಳೆಯ ಮನಸ್ಸಿನ ಅಂಗಡಿಯವರೂ ಎಡವುತ್ತಾರೆ. "ರಾಸಾಯನಿಕ ಬೇಡ, ಜೈವಿಕ ತಗೊಳ್ಳಿ" ಎಂದು ಬ್ಯುವೇರಿಯಾ ಪುಡಿಯನ್ನೋ ಬಿಟಿ (ಹುಳ ಕೊಲ್ಲುವ ದುಂಡಾಣು) ಪುಡಿಯನ್ನೋ ಕೊಡುತ್ತಾರೆ. ರೇಷ್ಮೆ ಹುಳಕ್ಕೆ ಸುಣ್ಣಕಟ್ಟು ರೋಗ ತರುವ ಶಿಲೀಂಧ್ರ ಇದೇ ಬ್ಯುವೇರಿಯಾ. ಬಿಟಿ ಕೂಡ ರೇಷ್ಮೆ ಹುಳವನ್ನು ಕೊಲ್ಲುತ್ತದೆ. ರೇಷ್ಮೆ ಇರುವ ಕಡೆ ಇವೆರಡನ್ನೂ ಕೊಡಬೇಡಿ. ಬೇರೆ ಯಾವುದೇ ಔಷಧಿ ಹೊಡೆಯುವುದಿದ್ದರೂ ಗಾಳಿ ಇಲ್ಲದ ಬೆಳಿಗ್ಗೆ, ಬದುವಿನ ಕಡೆಯ ಸಾಲು ಬಿಟ್ಟು, ಹಿಂದಿನ ದಿನವೇ ನೆರೆಯವರಿಗೆ ತಿಳಿಸಿ ಹೊಡೆಯಲು ಹೇಳಿ. ನೆರೆಯವರು ಬೇಕಾದ ಸೊಪ್ಪು ಮೊದಲೇ ಕೊಯ್ದಿಟ್ಟುಕೊಳ್ಳುತ್ತಾರೆ.

ಜೈವಿಕದ ಬಗ್ಗೆ ಇನ್ನೆರಡು ಮಾತು. ಬೇರಿನ ರೋಗ ತಡೆಯಲು ಕೊಡುವ ಟ್ರೈಕೋಡರ್ಮಾ, ಸೂಡೋಮೋನಾಸ್ ಜೀವ ಇರುವ ವಸ್ತುಗಳು. ತಗಡಿನ ಶೀಟಿನ ಕೆಳಗಿನ ಅಟ್ಟದಲ್ಲಿ ಬೇಸಿಗೆ ಕಳೆದ ಪ್ಯಾಕೆಟ್ಟಿನಲ್ಲಿ ಉಳಿಯುವುದು ಬರೀ ಪುಡಿ. ತಂಪಿನ ಜಾಗ ಇಲ್ಲದಿದ್ದರೆ ಕಡಿಮೆ ತರಿಸಿ. ಟ್ರೈಕೋಡರ್ಮಾವನ್ನು ಒಂದು ಕೆಜಿಗೆ ಸುಮಾರು 100 ಕೆಜಿ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ತೇವ ಮಾಡಿ, ನೆರಳಿನಲ್ಲಿ ಹತ್ತು ಹದಿನೈದು ದಿನ ಮುಚ್ಚಿಟ್ಟು ಹಾಕಿದರೆ ಬೆಳೆಯುತ್ತದೆ. ಅದೇ ವಾರ ತಾಮ್ರದ ಔಷಧಿ ಹುಯ್ದರೆ ಸಾಯಬಹುದು.

ಟಾನಿಕ್ಕುಗಳಿಗೆ ಬರೋಣ, ಯಾಕೆಂದರೆ ನಿಮ್ಮ ಹೆಚ್ಚಿನ ಮಾರ್ಜಿನ್ ಇರುವುದು ಅಲ್ಲೇ. ಯೂರಿಯಾದಲ್ಲಿ ಏನೂ ಗಿಟ್ಟುವುದಿಲ್ಲ: 45 ಕೆಜಿ ಚೀಲಕ್ಕೆ 266 ರೂಪಾಯಿ 50 ಪೈಸೆ, ಅದರ ಮೇಲೆ ಒಂದು ರೂಪಾಯಿ ಕೇಳುವಂತಿಲ್ಲ. ಹಾಗಾಗಿ "ಯೂರಿಯಾ ಬೇಕಾದ್ರೆ ಇದೊಂದು ಬಾಟ್ಲಿ ತಗೊಳ್ಳಿ" ಎಂದು ಜೋಡಿಸಿ ಕೊಡುವುದು ನಡೆಯುತ್ತದೆ. ಎಷ್ಟೋ ಸಲ ಕಂಪನಿಯೇ ನಿಮಗೆ ಹಾಗೆ ಜೋಡಿಸಿ ಕಳಿಸಿರುತ್ತದೆ, ನಿಮ್ಮ ಕಷ್ಟ ನಿಜ. ಆದರೆ ರೈತನ ಮೇಲೆ ಅದನ್ನು ಹೇರುವುದು ತಪ್ಪು, ಲೈಸೆನ್ಸಿಗೂ ಕುತ್ತು. ಡೀಲರುಗಳೆಲ್ಲ ಸೇರಿ ಬರವಣಿಗೆಯಲ್ಲಿ ಜಂಟಿ ಕೃಷಿ ನಿರ್ದೇಶಕರ ಕಚೇರಿಗೆ ದೂರು ಕೊಡಿ. ಒಬ್ಬರೇ ಕೊಟ್ಟರೆ ಮಾಲು ನಿಲ್ಲಿಸುತ್ತಾರೆಂಬ ಹೆದರಿಕೆ ಇರುತ್ತದೆ, ಇಪ್ಪತ್ತು ಜನ ಸಹಿ ಹಾಕಿದರೆ ಇರುವುದಿಲ್ಲ.

ಟಾನಿಕ್ ಎಂದು ಕರೆಯುವ ಜೈವಿಕ ಉತ್ತೇಜಕಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತರಲಾಗಿದೆ. ಕೀಟನಾಶಕವಾದರೆ ಲೇಬಲ್ಲಿನಲ್ಲಿ ಕೇಂದ್ರ ನೋಂದಣಿ ಸಂಖ್ಯೆ, ವಿಷದ ತ್ರಿಕೋನ, ಪ್ರತಿವಿಷ ಇರಲೇಬೇಕು. ಹುಳ ಸಾಯುತ್ತದೆ, ವೈರಸ್ ಹೋಗುತ್ತದೆ ಎಂದು ಬರೆದಿದ್ದು, ನೋಂದಣಿ ಸಂಖ್ಯೆ ಮಾತ್ರ ಇಲ್ಲದ ಡಬ್ಬಿಯನ್ನು ಎಷ್ಟೇ ಮಾರ್ಜಿನ್ ಕೊಟ್ಟರೂ ಒಳಗೆ ಬಿಟ್ಟುಕೊಳ್ಳಬೇಡಿ. "100 ಬಾಟ್ಲಿಗೆ ಚಿನ್ನದ ನಾಣ್ಯ, 500ಕ್ಕೆ ವಿದೇಶ ಪ್ರವಾಸ" ಎಂಬ ಸ್ಕೀಮುಗಳ ತೊಂದರೆ ಇದೇ: ಸೀಸನ್ ಕೊನೆಯಲ್ಲಿ ಗುರಿಗೆ 30 ಬಾಟ್ಲಿ ಕಡಿಮೆ ಬಿದ್ದಾಗ, ಬೇಕಿಲ್ಲದ ಮೂವತ್ತು ಹೊಲಗಳಿಗೆ ಅದು ಹೋಗುತ್ತದೆ.

ರೇಟು ಏರಿದಾಗ ಇದು ಇನ್ನೂ ಕೆಡುತ್ತದೆ. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿದ್ದು ನಿಮಗೆಲ್ಲ ನೆನಪಿದೆ. ಅಂಥ ಹೊತ್ತಿನಲ್ಲಿ ರೈತ ಏನು ಕೊಟ್ಟರೂ ಹೊಡೆಯುತ್ತಾನೆ, ನಾಲ್ಕೈದು ಔಷಧಿ ಒಂದೇ ಡ್ರಮ್ಮಿಗೆ ಸುರಿಯುತ್ತಾನೆ. ಎಲೆ ಸುಟ್ಟರೆ ಆ ಬೆಲೆಯ ಹಣ್ಣೇ ಹೋಗುತ್ತದೆ. ಎರಡಕ್ಕಿಂತ ಹೆಚ್ಚು ಬೆರೆಸಲು ಬಿಡಬೇಡಿ. ಬೆರೆಸುವ ಮುಂಚೆ ಒಂದು ಲೀಟರ್ ನೀರಿನ ಬಾಟ್ಲಿಯಲ್ಲಿ ಅದೇ ಪ್ರಮಾಣದಲ್ಲಿ ಕಲಸಿ ಅರ್ಧ ಗಂಟೆ ಇಟ್ಟು ನೋಡಲು ಹೇಳಿ. ಒಡೆದರೆ, ಗಟ್ಟಿ ಕಟ್ಟಿದರೆ, ಬಿಸಿಯಾದರೆ ಬೇಡ. ರೇಟು ನೆಲ ಕಚ್ಚಿ, ಕೀಳುವ ಕೂಲಿಯೂ ಹುಟ್ಟದ ದಿನಗಳಲ್ಲಿ ಲೆಕ್ಕ ಉಲ್ಟಾ. "ಇನ್ನೆಷ್ಟು ಕೊಯ್ಲು ಇದೆ, ಈ ಔಷಧಿಯ ದುಡ್ಡು ಹುಟ್ಟುತ್ತಾ?" ಎಂದು ನೀವೇ ಕೇಳಬೇಕು. ಎರಡೇ ಕೊಯ್ಲು ಉಳಿದ ತೋಟಕ್ಕೆ ಸಾವಿರಾರು ರೂಪಾಯಿಯ ಔಷಧಿಯನ್ನು ಉದ್ರಿ ಬರೆಸಿ ಕಳಿಸುವುದು ಅವನ ಹೊಟ್ಟೆಗೆ ಹೊಡೆದ ಹಾಗೆ.

ಉದ್ರಿ ಇಲ್ಲದೆ ಈ ವ್ಯಾಪಾರ ನಡೆಯುವುದಿಲ್ಲ, ಅದನ್ನು ಬಿಡಿ ಎಂದು ಹೇಳಲಾರೆ. ಲೆಕ್ಕ ಎರಡು ಕಡೆ ಇರಲಿ: ನಿಮ್ಮ ಖಾತೆ ಪುಸ್ತಕದಲ್ಲೊಂದು, ಅವನ ಕೈಲಿ ಸಣ್ಣ ಪುಸ್ತಕದಲ್ಲೊಂದು, ಅವತ್ತಿನ ತಾರೀಖು ಮತ್ತು ದರದ ಸಮೇತ. ನಗದಿಗೆ ಎಷ್ಟು, ಉದ್ರಿಗೆ ಎಷ್ಟು ಎಂಬುದನ್ನು ಮಾಲು ಕೊಡುವಾಗಲೇ ಹೇಳಿ. ಉದ್ರಿ ದರವೂ ಡಬ್ಬಿಯ ಮೇಲಿನ ಗರಿಷ್ಠ ಬೆಲೆ ಮೀರುವಂತಿಲ್ಲ. ಬಾಕಿ ಇದೆ ಎಂಬ ಒಂದೇ ಕಾರಣಕ್ಕೆ ಅವನು ಬೇರೆ ಅಂಗಡಿಗೆ ಹೋಗಲಾರ. ಅಂಥವನಿಗೆ ಓಡದ ಮಾಲು, ಅವಧಿ ಮುಗಿಯುತ್ತಿರುವ ಮಾಲು ದಾಟಿಸುವುದಕ್ಕಿಂತ ಕೆಟ್ಟ ಕೆಲಸ ಈ ವ್ಯಾಪಾರದಲ್ಲಿ ಇಲ್ಲ. ಅವಧಿ ಮುಗಿದದ್ದನ್ನು ಬೇರೆ ಇಟ್ಟು "ಮಾರಾಟಕ್ಕಿಲ್ಲ" ಎಂದು ಮುದ್ರೆ ಒತ್ತಬೇಕೆಂದು ಕೀಟನಾಶಕ ನಿಯಮಗಳೇ ಹೇಳುತ್ತವೆ. ಮೂರು ತಿಂಗಳು ಮುಂಚೆಯೇ ಪಟ್ಟಿ ಮಾಡಿ ಕಂಪನಿಗೆ ವಾಪಸ್ ಕಳಿಸಿ.

ದೊಡ್ಡ ಬಾಟ್ಲಿ ಒಡೆದು ಕ್ವಾರ್ಟರ್ ಬಾಟ್ಲಿಯಲ್ಲಿ, ನೀರಿನ ಬಾಟ್ಲಿಯಲ್ಲಿ ಹಾಕಿಕೊಡುವುದನ್ನು ಇವತ್ತೇ ನಿಲ್ಲಿಸಿ. ಲೇಬಲ್ ಇಲ್ಲದ ಆ ಬಾಟ್ಲಿ ಮನೆಯ ಗೂಡಿನಲ್ಲಿ ಕೂರುತ್ತದೆ, ಮಗು ಕುಡಿಯುತ್ತದೆ, ಆಸ್ಪತ್ರೆಯಲ್ಲಿ ಡಾಕ್ಟರು "ಯಾವ ಔಷಧಿ?" ಅಂದರೆ ಹೇಳುವವರಿಲ್ಲ. ಮಕ್ಕಳ ಕೈಗೆ, ಕುಡಿದು ಬಂದವರಿಗೆ, ಯಾವ ಬೆಳೆಗೆ ಎಂದು ಹೇಳಲಾಗದೆ ತಡವರಿಸುವವರಿಗೆ ಕೊಡಬೇಡಿ. ಕೂರಿಸಿ, ಟೀ ತರಿಸಿ, ಮಾತಾಡಿಸಿ, ಮನೆಯವರಿಗೆ ಫೋನ್ ಮಾಡಿ.

ಬೀಜದ ದೂರು ಬಂದಾಗ ಏನು ಮಾಡಬೇಕು ಎಂದು ಹಲವರು ಕೇಳಿದ್ದೀರಿ. ಬಿಲ್ಲಿನಲ್ಲಿ ಲಾಟ್ ನಂಬರ್ ಬರೆಯುವುದು ಮೊದಲನೆಯ ಕೆಲಸ. ಖಾಲಿ ಪ್ಯಾಕೆಟ್ ಮತ್ತು ಒಂದು ಚಿಟಿಕೆ ಬೀಜ ಎತ್ತಿಡಲು ರೈತನಿಗೆ ಹೇಳುವುದು ಎರಡನೆಯದು. ಟೊಮೇಟೊಗೆ ಕನಿಷ್ಠ ಮೊಳಕೆ ಪ್ರಮಾಣ ನೂರಕ್ಕೆ 70. ದೂರು ಬಂದ ದಿನವೇ ಹೋಗಿ ನೋಡಿ, ಅದೇ ಲಾಟ್ ಒಯ್ದ ಇನ್ನಿಬ್ಬರಿಗೆ ಫೋನ್ ಮಾಡಿ. ಅವರಲ್ಲಿ ಚೆನ್ನಾಗಿ ಬಂದಿದ್ದರೆ ಬಿತ್ತಿದ ಆಳ, ಟ್ರೇ ಒಣಗಿದ್ದು, ಬಿಸಿ ಇವುಗಳನ್ನು ಹುಡುಕಿ. ಎಲ್ಲರಲ್ಲೂ ಕೆಟ್ಟಿದ್ದರೆ ಆ ಲಾಟಿನ ಮಾರಾಟ ತಕ್ಷಣ ನಿಲ್ಲಿಸಿ, ಕಂಪನಿಗೂ ಇಲಾಖೆಗೂ ಬರೆಯಿರಿ. ರೈತನ ಪರವಾಗಿ ನೀವೇ ಬರೆದುಕೊಡಿ. ಬೀಜ ಕೊಂಡ ರೈತ ಗ್ರಾಹಕನೇ, ಗ್ರಾಹಕ ನ್ಯಾಯಾಲಯಕ್ಕೆ ಹೋಗುವ ಹಕ್ಕು ಅವನಿಗಿದೆ ಎಂದು ಸುಪ್ರೀಂ ಕೋರ್ಟು 2012ರಲ್ಲೇ ಸ್ಪಷ್ಟ ಮಾಡಿದೆ. ನೀವು ಅವನ ಪಕ್ಕ ನಿಂತರೆ ಅವನು ನಿಮ್ಮ ಮೇಲೆ ಕೇಸು ಹಾಕುವ ಸಂದರ್ಭವೇ ಕಡಿಮೆ.

ನಿಮಗೆ ಗೊತ್ತಾಗದ ರೋಗ ಬಂದೇ ಬರುತ್ತದೆ. ಆಗ "ಗೊತ್ತಿಲ್ಲ, ಕೇಳಿ ಹೇಳ್ತೀನಿ" ಅನ್ನಿ. ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ತೋಟಗಾರಿಕೆ ಕಾಲೇಜಿದೆ. ಚಿಂತಾಮಣಿ ಕಡೆಯವರಿಗೆ ಕುರುಬೂರಿನಲ್ಲಿ ಕೇಂದ್ರ ಇದೆ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಪುಕ್ಕಟೆ. ಹೈದರಾಬಾದಿನ ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆ (ಮ್ಯಾನೇಜ್) 2003ರಲ್ಲಿ ಶುರು ಮಾಡಿದ ದೇಸಿ ಎಂಬ ಒಂದು ವರ್ಷದ ಡಿಪ್ಲೊಮಾ ನಿಮ್ಮಂಥ ಅಂಗಡಿಯವರಿಗೆಂದೇ ಇದೆ. ಇನ್ನೂ ಮಾಡದವರು ಮಾಡಿ.

ಕೊನೆಗೆ, ಚಹಾ ಹೊತ್ತಿನಲ್ಲಿ ಒಬ್ಬರು ಕೇಳಿದ ಪ್ರಶ್ನೆ: "ನಾನು ಕೊಡದಿದ್ರೆ ಪಕ್ಕದವನು ಕೊಡ್ತಾನಲ್ಲ ಸಾರ್?" ಕೊಡುತ್ತಾನೆ. ಎಲ್ಲ ಗಿರಾಕಿಗಳೂ ನಿಮ್ಮಲ್ಲೇ ಉಳಿಯುತ್ತಾರೆಂದು ನಾನು ಸುಳ್ಳು ಹೇಳಲಾರೆ, ಕೆಲವರು ಹೋಗುತ್ತಾರೆ. ಆದ್ದರಿಂದ ಒಂದು ಕೆಲಸ ಮಾಡಿ. 200 ಪುಟದ ನೋಟ್‌ಬುಕ್ ತೆಗೆದುಕೊಂಡು ತಾರೀಖು, ರೈತನ ಹೆಸರು, ಫೋನು, ಬೆಳೆ, ಕಂಡ ಲಕ್ಷಣ, ಕೊಟ್ಟದ್ದು ಅಥವಾ "ಏನೂ ಕೊಟ್ಟಿಲ್ಲ" ಎಂದು ಬರೆಯಿರಿ. ಐದನೇ ದಿನ ಫೋನ್ ಮಾಡಿ ಏನಾಯಿತೆಂದು ಕೇಳಿ, ಅದನ್ನೂ ಬರೆಯಿರಿ. ಏನೂ ಕೊಡದೆ ಕಳಿಸಿದವರಿಗೆ ತಪ್ಪದೆ ಮೊದಲು ಫೋನ್ ಮಾಡಿ. ಪಕ್ಕದಂಗಡಿಯಲ್ಲಿ ಕೊಂಡಿದ್ದರೂ ಬೈಯಬೇಡಿ, ಯಾವುದು ಕೊಂಡರು, ಎಷ್ಟು ಹೊಡೆದರು ಎಂದು ಕೇಳಿ ಕಾಯಬೇಕಾದ ದಿನ ಹೇಳಿ. ಒಂದು ಸೀಸನ್ ಬರೆದರೆ ನಿಮ್ಮ ಹೋಬಳಿಯಲ್ಲಿ ಯಾವ ತಿಂಗಳು ಯಾವ ರೋಗ ಬರುತ್ತದೆ, ಯಾವ ಔಷಧಿಗೆ ಹುಳ ಜಗ್ಗುತ್ತಿಲ್ಲ ಎಂಬ ಲೆಕ್ಕ ಕೈಗೆ ಸಿಗುತ್ತದೆ. ಮುಂದಿನ ವರ್ಷ ಯಾವ ಮಾಲು ಎಷ್ಟು ತರಿಸಬೇಕು ಎಂಬುದನ್ನು ಸ್ಕೀಮಿನ ಹಾಳೆ ನೋಡದೆ, ಆ ಪುಸ್ತಕ ನೋಡಿ ಆರ್ಡರ್ ಹಾಕಿ.